ಸಾಲು ಮುರಿದ ಕರಪತ್ರ

1995ರ ಏಪ್ರಿಲ್ ಹದಿನೇಳು, ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ತೇರದಾಳದ ನೂಲಿನ ವ್ಯಾಪಾರಿ ಪಾರ್ಶ್ವನಾಥ ಮಗದುಮ್ ಬನಹಟ್ಟಿ ಪೊಲೀಸ್ ಠಾಣೆಗೆ ಬಂದರು. ಜೊತೆಗೆ ಮಗ ಭರತೇಶ ಇದ್ದ. ತಂದೆ ಬೆಂಚಿನ ಮೇಲೆ ಕುಳಿತರು. ಮಗ ಕೂರಲಿಲ್ಲ. ಬಾಗಿಲಿಗೂ ಮೇಜಿಗೂ ನಡುವೆ ತಿರುಗಾಡುತ್ತಲೇ ಇದ್ದ. ಹೊರಗೆ ಓಣಿ ತುಂಬ ಪವರ್‌ಲೂಮುಗಳ ಸದ್ದು.

"ಏನಾಗೇತ್ರಿ ಯಜಮಾನ್ರ?" ಎಂದು ಕೇಳಿದರು ಪಿ.ಎಸ್.ಐ. ಲಗಮಪ್ಪ ಕಂಕಣವಾಡಿ.

ಪಾರ್ಶ್ವನಾಥ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. "ಓದ್ರಿ. ನನ್ನ ಬಾಯಿಲೆ ಹೇಳಾಕ ಆಗೂದಿಲ್ಲ."

ಅದು ಅರ್ಧ ಹಾಳೆಯ ಕರಪತ್ರ. ಅವರ ಮಗಳು ಸುಮನ ಬನಹಟ್ಟಿಯಲ್ಲಿ ಎರಡು ವರ್ಷದಿಂದ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದಳು. ಲಗ್ನಪತ್ರಿಕೆ, ಅರ್ಜಿ ಮಾಡಿಕೊಡುವುದು, ಹುಡುಗರಿಗೆ ಕಂಪ್ಯೂಟರ್ ಕಲಿಸುವುದು ಅವಳ ಕೆಲಸ. ಕಲಿಸುವುದು ನೆಪ ಮಾತ್ರ, ಮಧ್ಯಾಹ್ನ ಅರ್ಧ ಇಳಿದ ಶಟರಿನ ಹಿಂದೆ ನಡೆಯುವುದೇ ಬೇರೆ ಎಂದು ಕರಪತ್ರ ಹೇಳುತ್ತಿತ್ತು. ಅಲ್ಲಿಂದ ಮುಂದಿನದು ಹೊಲಸು. ಬರೆದವರ ಹೆಸರಿರಲಿಲ್ಲ. ಛಾಪಿಸಿದವರ ಹೆಸರೂ ಇರಲಿಲ್ಲ.

"ಎಲ್ಲಿ ಸಿಕ್ತು?"

"ನಿನ್ನೆ ಮುಂಜಾನೆ ನಮ್ಮೂರ ಬಸ್‌ಸ್ಟ್ಯಾಂಡಿನ ಗ್ವಾಡಿಗೆ ಹಚ್ಚಿದ್ರು. ಇಲ್ಲಿ ಲೂಮಿನ ಓಣ್ಯಾಗೂ ಅದಾವಂತ. ಜಮಖಂಡಿ ಬಸ್ಸಿನ ಸೀಟಿನ ಮ್ಯಾಲನೂ ಇಟ್ಟಿದ್ರಂತ."

"ಮಗಳಿಗೆ ಲಗ್ನ ಆಗೇತೇನು?"

"ಮುಂದಿನ ತಿಂಗಳ ಇತ್ರಿ."

"ಇತ್ತು ಅಂದ್ರ?"

"ಬೀಗರು ಜಮಖಂಡಿಯವರು. ವಿಚಾರ ಮಾಡಿ ಹೇಳ್ತೀವಿ ಅಂತ ನಿನ್ನೆ ಸಂಜಿಕೆ ಹೇಳಿ ಕಳಿಸ್ಯಾರ."

ಭರತೇಶ ನಡುವೆ ಬಾಯಿ ಹಾಕಿದ. "ಹುಡುಗ ಛಲೋ ಅದಾನ್ರಿ ಸಾಹೇಬ್ರ. ವೃಷಭ ಅಂತ, ವಕೀಲರ ಕಡೆ ಟೈಪಿಸ್ಟ್ ಅದಾನ. ಇವತ್ತ ಮುಂಜಾನೆ ಮನಿಗೆ ಬಂದು ನಮ್ಮ ಅವ್ವನ ಕಾಲ ಹಿಡದು ಅತ್ತಾನ. ಇದನ್ನ ಮಾಡಿದಂವ ಯಾರಂತ ನನಗ ಗೊತ್ತೈತಿ. ದಶರಥ."

ದಶರಥ ಬನಹಟ್ಟಿಯ ಹಳೆಯ ಅಚ್ಚುಕೂಟದ ಮಾಲೀಕ. ಸುಮನಳ ಅಂಗಡಿ ಬಂದ ಮೇಲೆ ಊರಿನ ಲಗ್ನಪತ್ರಿಕೆಗಳೆಲ್ಲ ಅವನ ಕೈತಪ್ಪಿದ್ದವು. ಹೆಣ್ಣುಹುಡುಗಿಯ ಕೈಗೆ ಮಷಿನು ಕೊಟ್ಟು ನನ್ನ ಪ್ರೆಸ್ಸು ಮುಚ್ಚಿಸುತ್ತಿದ್ದಾರೆಂದು ಅವನು ಸಂತೆಯಲ್ಲಿ ಕೂಗಾಡಿದ್ದನ್ನು ಊರೇ ಕೇಳಿತ್ತು.

"ಕೂಗ್ಯಾಡಿದ ಅಂತ ಹಿಡ್ಯಾಕ ಬರೂದಿಲ್ಲ. ನೀ ಸುಮ್ನ ಮನಿಗೆ ಹೋಗು," ಎಂದರು ಲಗಮಪ್ಪ.

ಹೆಡ್ ಕಾನ್‌ಸ್ಟೇಬಲ್ ಹುಲೆಪ್ಪ ಎಫ್.ಐ.ಆರ್. ಬರೆದುಕೊಂಡ. ಬರೀ ಮಾನಹಾನಿ ಎಂದರೆ ತನಿಖೆಗೆ ಕೋರ್ಟಿನ ಅನುಮತಿ ಬೇಕು. ಹೆಣ್ಣುಮಗಳ ಮಾನಕ್ಕೆ ಕುಂದು ತಂದದ್ದಕ್ಕಿರುವ ಕಲಂ 509ರಡಿ ಆದರೆ ಪೊಲೀಸರೇ ಶುರುಮಾಡಬಹುದು. ಲಗಮಪ್ಪ ಅದನ್ನೇ ಹಾಕಿಸಿದರು.

ಮಧ್ಯಾಹ್ನದೊಳಗೆ ಓಣಿಗಳಲ್ಲಿ ಇನ್ನಷ್ಟು ಪ್ರತಿಗಳು ಸಿಕ್ಕವು. ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ಜಪ್ತಿ ಮಾಡಲಾಯಿತು. ಎಲ್ಲವೂ ಒಂದೇ ಮೂಲದಿಂದ ತೆಗೆದ ಝೆರಾಕ್ಸುಗಳು. ಮೂಲ ಮಾತ್ರ ಕಂಪ್ಯೂಟರಿನಲ್ಲಿ ಮಾಡಿದ್ದು. ಅಕ್ಷರ ಚೊಕ್ಕವಾಗಿದ್ದರೂ ಸಾಲುಗಳು ವಿಚಿತ್ರವಾಗಿದ್ದವು. ಒಂದು ಸಾಲು ತುಂಬಿಕೊಂಡಿದ್ದರೆ ಅದರ ಕೆಳಗಿನ ಸಾಲಿನಲ್ಲಿ ಎರಡೇ ಪದ, ಒಂದು ಎಡ ಅಂಚಿಗೆ, ಇನ್ನೊಂದು ಬಲ ಅಂಚಿಗೆ, ನಡುವೆ ಬರೀ ಬಿಳಿ. ಮತ್ತೆ ತುಂಬಿದ ಸಾಲು, ಮತ್ತೆ ಬಯಲು. ಹಾಳೆಯ ಎರಡೂ ಅಂಚು ದಾರ ಹಿಡಿದಷ್ಟು ನೇರವಿದ್ದರೂ ಒಳಗೆ ಹಲ್ಲುದುರಿದ ಬಾಯಿ ಇದ್ದಂತಿತ್ತು.

"ಬರದಂವಗ ಬುದ್ಧಿ ಇಲ್ಲ, ಛಾಪಿಸಿದಂವಗ ಕೈ ಇಲ್ಲ," ಎಂದ ಹುಲೆಪ್ಪ.

ಸಂಜೆ ಲಗಮಪ್ಪ ಮಹಿಳಾ ಕಾನ್‌ಸ್ಟೇಬಲ್ ತಾಯವ್ವನನ್ನು ಕರೆದುಕೊಂಡು ತೇರದಾಳದ ಮನೆಗೆ ಹೋದರು. ಅಂಗಡಿಗೆ ಪಾರ್ಶ್ವನಾಥ ಅದಾಗಲೇ ಬೀಗ ಹಾಕಿ ಕೀಲಿಕೈಯನ್ನು ತಾವೇ ಇಟ್ಟುಕೊಂಡಿದ್ದರು. ಸುಮನ ಅಡುಗೆಮನೆಯ ಹೊಸ್ತಿಲ ಬಳಿ ನಿಂತಿದ್ದಳು. ಇಪ್ಪತ್ನಾಲ್ಕರ ಹುಡುಗಿ, ತೆಳ್ಳಗೆ ಎತ್ತರ. ಕೈಗೆ ಕೆಲಸವಿಲ್ಲದ್ದಕ್ಕೋ ಏನೋ ಸೆರಗಿನ ಅಂಚನ್ನು ಬಿಡದೆ ತಿರುವುತ್ತಿದ್ದಳು.

"ಯಾರ ಮ್ಯಾಲರೆ ಸಂಶಯ?"

"ಇಲ್ರಿ. ಕಾಗದ ಒಮ್ಮೆ ತೋರಸ್ರಿ."

"ಬ್ಯಾಡ," ಎಂದರು ಪಾರ್ಶ್ವನಾಥ. "ಆಕಿ ಕಣ್ಣಿಗೆ ಅದು ಬೀಳೂದ ಬ್ಯಾಡ."

ಲಗಮಪ್ಪ ತಂದೆಯ ಮಾತಿಗೆ ಬೆಲೆ ಕೊಟ್ಟರು. ಜೀಪಿನಲ್ಲಿ ಮರಳುವಾಗ ತಾಯವ್ವ ಹೇಳಿದಳು: "ಆಕಿಗೆ ತೋರಸಬೇಕಿತ್ರಿ ಸಾಹೇಬ್ರ. ಊರೆಲ್ಲಾ ಓದೇತಿ. ಆಕಿ ಒಬ್ಬಾಕಿನ ಓದಿಲ್ಲ."

ಲಗಮಪ್ಪ ಕರಪತ್ರವನ್ನು ಫೈಲಿನೊಳಗೆ ಸೇರಿಸಿದರು.

ಮರುದಿನ ದಶರಥನ ವಿಚಾರಣೆ ನಡೆಯಿತು. ಅವನ ಪ್ರೆಸ್ಸಿನಲ್ಲಿದ್ದದ್ದು ಸೀಸದ ಅಚ್ಚುಮೊಳೆಗಳು ಮಾತ್ರ, ಕಂಪ್ಯೂಟರ್ ಇರಲಿಲ್ಲ. ಬೇರೆಯವರಿಂದ ಮಾಡಿಸಿರಬಹುದೆಂಬ ಸಂಶಯದಿಂದ ಲಗಮಪ್ಪ ಅವನನ್ನು ಮಧ್ಯಾಹ್ನದವರೆಗೆ ಕೂರಿಸಿಕೊಂಡು ಕಳಿಸಿದರು. ಠಾಣೆಯಿಂದ ಅವನು ಹೊರಬಂದದ್ದನ್ನು ಭರತೇಶ ನೋಡಿದ. ಸಂಜೆ ಐದಕ್ಕೆ ಕರೆಂಟು ಹೋಗಿ ಲೂಮುಗಳೆಲ್ಲ ಒಮ್ಮೆಲೇ ನಿಂತವು. ಆ ಮೌನದಲ್ಲಿ ದಶರಥನ ಚೀರಾಟ ಮೂರು ಓಣಿಯಾಚೆ ಕೇಳಿಸಿತು. ಪ್ರೆಸ್ಸಿನ ಬಾಗಿಲಲ್ಲೇ ಭರತೇಶ ಕಬ್ಬಿಣದ ಸಲಾಕೆಯಿಂದ ಹೊಡೆದಿದ್ದ. ತಲೆ ಸೀಳಿತ್ತು, ಎಡಗೈ ಮುರಿದಿತ್ತು.

ಭರತೇಶ ಓಡಿಹೋಗಲಿಲ್ಲ. ಸಲಾಕೆ ಹಿಡಿದುಕೊಂಡೇ ಠಾಣೆಗೆ ಬಂದು ಕುಳಿತ. ಸೋಮವಾರ ಕೂರದಿದ್ದ ಹುಡುಗ ಈಗ ಏಳಲೊಲ್ಲ.

ಲಗಮಪ್ಪ ಆಸ್ಪತ್ರೆಗೆ ಹೋದಾಗ ದಶರಥನಿಗೆ ಎಚ್ಚರವಿತ್ತು. ಬ್ಯಾಂಡೇಜಿನ ಕೆಳಗಿಂದ ಅವನ ಕಣ್ಣು ಮಾತ್ರ ಕಾಣುತ್ತಿತ್ತು.

"ಒದರ್ಯಾಡೇನ್ರಿ, ಖರೆ," ಎಂದ. "ಆ ಹುಡುಗಿ ಬಂದ ಮ್ಯಾಲೆ ನನ್ನ ಮಷೀನಿಗೆ ತುಕ್ಕ ಹಿಡದೈತಿ. ಆದ್ರ ನನಗೂ ಇಬ್ಬರು ಹೆಣ್ಣಮಕ್ಕಳ ಅದಾರ ಸಾಹೇಬ್ರ. ಹೆಣ್ಣಮಗಳ ಹೆಸರಿಲೆ ಇಂಥಾದ್ದು ಬರಿಯೂ ಪೈಕಿ ಅಲ್ಲ ನಾ."

ಲಗಮಪ್ಪ ಎದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ದಶರಥನ ಹೆಂಡತಿ ಕುಳಿತಿದ್ದಳು. ಅವರನ್ನು ಕಂಡು ಅವಳು ಮುಖ ತಿರುಗಿಸಿದಳು. ಒಂದು ದಿನ ತಡವಾದದ್ದಕ್ಕೆ ಎರಡು ಮನೆ ಹಾಳಾಗಿದ್ದವು. ಇನ್ನೊಂದು ದಿನ ತಡವಾದರೆ ಮತ್ತಿನ್ನೇನು?

ಆ ಕಾಲಕ್ಕೆ ಸುತ್ತಮುತ್ತ ಕಂಪ್ಯೂಟರಿನಿಂದ ಇಷ್ಟು ಚೊಕ್ಕ ಅಕ್ಷರ ಛಾಪಿಸುವ ಲೇಸರ್ ಪ್ರಿಂಟರು ಇದ್ದದ್ದು ಎರಡೇ ಕಡೆ, ಜಮಖಂಡಿಯಲ್ಲೊಂದು, ಮುಧೋಳದಲ್ಲೊಂದು. ಸುಮನಳದ್ದು ಚುಕ್ಕಿ ಚುಕ್ಕಿ ಹೊಡೆಯುವ ಅಗ್ಗದ ಪ್ರಿಂಟರು. ಜಮಖಂಡಿಯವನ ಮಷಿನು ಕೆಟ್ಟು ಎರಡು ತಿಂಗಳಾಗಿತ್ತು. ಹತ್ತೊಂಬತ್ತರ ಬುಧವಾರ ಲಗಮಪ್ಪ ಮತ್ತು ಹುಲೆಪ್ಪ ಮುಧೋಳಕ್ಕೆ ಹೋದರು.

ಅಲ್ಲಿಯ ಅಂಗಡಿಯ ವಿಠೋಬಾ ಕರಪತ್ರ ನೋಡಿದ ಕೂಡಲೇ ಬೆವರಿದ.

"ನೀ ಮಾಡಿದ್ದೇನು?"

"ಮಾಡಿಸ್ಕೊಂಡ ಹ್ವಾದ್ರಿ ಒಬ್ಬ. ಫ್ಲಾಪಿ ತಂದಿದ್ದ. ಮ್ಯಾಟರ್ ಅದರಾಗ ಟೈಪ್ ಆಗಿತ್ತು."

"ಓದಲಿಲ್ಲೇನು?"

"ಮೊದಲನೇ ಸಾಲ ಓದಿದ್ನಿ. ಆಮ್ಯಾಲೆ ಓದಲಿಲ್ರಿ."

"ಯಾಕ?"

ವಿಠೋಬಾ ನೆಲ ನೋಡಿದ. "ಓದಿದ್ರ ಮಾಡಾಕ ಆಗ್ತಿರಲಿಲ್ಲ."

"ಯಾರಂವ?"

"ಮುಖಕ್ಕ ಟಾವೆಲ್ ಸುತ್ಕೊಂಡಿದ್ದ. ಧೂಳಾ ಅಂದ. ಕಣ್ಣ ನೋಡೇನಿ, ದನಿ ಕೇಳೇನಿ. ಮತ್ತ ಕೇಳಿದ್ರ ಗುರ್ತ ಹಿಡೀತೇನಿ."

ಇನ್ನೊಂದು ಮಾತನ್ನೂ ಅವನು ಹೇಳಿದ. ಆ ಫ್ಲಾಪಿಯ ಅಕ್ಷರಗಳು ಅವನ ಮಷಿನಿನಲ್ಲಿ ಮೊದಲು ಮೂಡಲೇ ಇಲ್ಲವಂತೆ. ಕನ್ನಡ ಅಕ್ಷರದ ತಂತ್ರಾಂಶ ಒಬ್ಬೊಬ್ಬರದು ಒಂದೊಂದು. ಅದೇ ಅಕ್ಷರಗಳನ್ನು ತರಲು ಹೇಳಿ ಕಳಿಸಿದ್ದ. ಮರುದಿನ ಆ ಮನುಷ್ಯ ಅವನ್ನು ಬೇರೆ ಫ್ಲಾಪಿಯಲ್ಲಿ ತಂದುಕೊಟ್ಟ. ಆ ಅಕ್ಷರ ಇಟ್ಟವರು ಈ ಭಾಗದಲ್ಲಿ ಯಾರೆಂದು ಹುಲೆಪ್ಪ ಕೇಳಿದ. ವಿಠೋಬಾ "ಬನಹಟ್ಟಿ ಅಕ್ಕಾರು ಒಬ್ಬರೇರಿ," ಎಂದ.

ಎಂದರೆ ಸುಮನಳ ಹೆಸರು ಕೆಡಿಸಿದ ಮಾತುಗಳನ್ನು ಸುಮನಳ ಮಷಿನಿನಲ್ಲೇ ಟೈಪು ಮಾಡಲಾಗಿತ್ತು.

ವಿಠೋಬಾನ ಮಷಿನಿನಲ್ಲಿ ಉಳಿದಿದ್ದ ಪ್ರತಿಯನ್ನು ಜಪ್ತಿ ಮಾಡಿ, ಅವನ ಹೆಸರನ್ನೂ ಪ್ರಕರಣದಲ್ಲಿ ಸೇರಿಸಿ ಮರಳುವಾಗ ಹುಲೆಪ್ಪ ತಡೆಯಲಾರದೆ ಕೇಳಿದ: "ಅಣ್ಣಾನ ಮಾಡಿರಬೇಕೇನ್ರಿ? ತಂಗಿ ಅಂಗಡಿ ಇಡೂದು ಅವಗೂ ಸೇರತಿರಲಿಲ್ಲಂತ."

"ಅಂವ ಮಾಡಿದ್ರ ದಶರಥನ ತಲಿ ಒಡೀತಿರಲಿಲ್ಲ," ಎಂದರು ಲಗಮಪ್ಪ. ಆದರೂ ಅವರಿಗೆ ಖಾತ್ರಿ ಇರಲಿಲ್ಲ. ಅಂಗಡಿಯಲ್ಲಿ ಕಲಿಯಲು ಬರುತ್ತಿದ್ದ ಹುಡುಗರು ಇಪ್ಪತ್ತರ ಮೇಲಿದ್ದರು. ದಾರಿಯುದ್ದಕ್ಕೂ ಲಗಮಪ್ಪ ಕಾಲನ್ನು ಜೀಪಿನ ತಳಕ್ಕೆ ಕುಟ್ಟುತ್ತಲೇ ಇದ್ದರು.

ಇಪ್ಪತ್ತರ ಗುರುವಾರ ಬೆಳಿಗ್ಗೆ ಲಗಮಪ್ಪ ಪಾರ್ಶ್ವನಾಥರಿಂದ ಕೀಲಿಕೈ ಇಸಿದುಕೊಂಡು ಸುಮನಳ ಕೈಗೆ ಕೊಟ್ಟರು. ಬನಹಟ್ಟಿಯ ಓಣಿಯಲ್ಲಿ ಜೀಪು ನಿಂತಾಗ ಎರಡೂ ಬದಿಯ ಬಾಗಿಲುಗಳಲ್ಲಿ ಮಂದಿ ನಿಂತರು. ಸುಮನ ಯಾರನ್ನೂ ನೋಡದೆ ಬೀಗ ತೆಗೆದು ಶಟರನ್ನು ಪೂರ್ತಿ ಮೇಲಕ್ಕೆತ್ತಿದಳು. ಒಳಗೆ ತಂದೆ, ಲಗಮಪ್ಪ ಮತ್ತು ತಾಯವ್ವ ಕುಳಿತರು. ಲಗಮಪ್ಪ ಮುಧೋಳದಲ್ಲಿ ತಿಳಿದದ್ದನ್ನು ಹೇಳಿ ಕರಪತ್ರವನ್ನು ಅವಳಿಗೆ ಕೊಟ್ಟರು.

ಅವಳು ನಿಂತೇ ಪೂರ್ತಿ ಓದಿದಳು. ಕಿವಿ ಮಾತ್ರ ಕೆಂಪಾದವು. ಆಮೇಲೆ ಎರಡನೇ ಸಲ ನೋಡಿದಳು. ಈ ಸಲ ಎಡದಿಂದ ಬಲಕ್ಕಲ್ಲ, ಬಲ ಅಂಚಿನ ಗುಂಟ ಮೇಲಿನಿಂದ ಕೆಳಗೆ ಬೆರಳಿಳಿಸುತ್ತ ಬಂದಳು. ಬೆರಳು ಒಂದು ಬಿಳಿ ಜಾಗದಲ್ಲಿ ನಿಂತಿತು. ಮತ್ತೊಂದರಲ್ಲಿ ನಿಂತಿತು. ಅವಳು ಕುರ್ಚಿ ಎಳೆದುಕೊಂಡು ಕುಳಿತಳು.

"ಏನು?" ಎಂದರು ಲಗಮಪ್ಪ.

"ಇದನ್ನ ಸೋಮವಾರ ತೋರಿಸಿದ್ರ ಅಣ್ಣ ಒಳಗ ಇರ್ತಿರಲಿಲ್ರಿ."

ಅವಳು ಕಂಪ್ಯೂಟರ್ ಹಚ್ಚಿದಳು. ತೆರೆಯ ಮೇಲೆ ಯಾವುದೋ ಅರ್ಜಿಯ ಮಾತುಗಳನ್ನು ಸರಸರ ಟೈಪು ಮಾಡಿದಳು. ಸಾಲು ಅಂಚಿಗೆ ಬಂದಾಗ ಪದ ತಾನಾಗಿಯೇ ಕೆಳಗಿಳಿಯಿತು.

"ನೋಡ್ರಿ. ಇಲ್ಲಿ ಸಾಲ ತಾನ ಹೊಳ್ಳತೈತಿ. ನಾವು ಏನೂ ಒತ್ತೂದ ಬ್ಯಾಡ. ಮಾತ ಪೂರಾ ಮುಗದಾಗ ಎಂಟರ್ ಒತ್ತಬೇಕು. ಹಿಂಗ ಟೈಪ್ ಮಾಡಿದ್ದನ್ನ ಸಣ್ಣ ಕಾಗದಕ್ಕ ಹಾಕ್ರಿ, ದೊಡ್ಡದಕ್ಕ ಹಾಕ್ರಿ, ಪದಗೋಳು ಸರದು ತುಂಬಕೋತಾವು." ಅಂಚನ್ನು ಒಳಕ್ಕೆ ಸರಿಸಿ ತೋರಿಸಿದಳು. ಸಾಲುಗಳು ನೀರಿನಂತೆ ಹೊಸ ಅಗಲಕ್ಕೆ ಹರಿದು ಕೂತವು.

"ಇದರಾಗ ಹಂಗ ಆಗಿಲ್ಲ?"

"ಆಗಿಲ್ರಿ. ಇದನ್ನ ಟೈಪ್ ಮಾಡಿದವರು ಪ್ರತಿ ಸಾಲಿನ ಕಡಿಗೆ ಎಂಟರ್ ಒತ್ಯಾರ. ನನ್ನ ಮಷೀನಿನ ಅಗಲಕ್ಕ ಅದು ಬರೊಬ್ಬರಿ ಕಂಡೈತಿ. ಮುಧೋಳದಾಗ ಕಾಗದ ಅರ್ಧಾ ಮಾಡ್ಯಾರ. ಸಾಲ ಹಿಡೀಲಿಲ್ಲ, ಎರಡ ಪದ ಕೆಳಗ ಬಿದ್ದಾವು. ಅವುಗಳ ಮುಂದ ಎಂಟರ್ ಕುಂತೈತಲ್ರಿ, ಕೆಳಗಿನ ಸಾಲ ಮ್ಯಾಲ ಬಂದು ಕೂಡಾಕ ಬರಲಿಲ್ಲ. ಆಮ್ಯಾಲೆ ಅಲ್ಲಿಯಂವ ತುಂಡ ಸಾಲನ್ನೂ ಬಿಡದ ಎರಡೂ ಅಂಚ ನೆಟ್ಟಗ ಮಾಡ್ಯಾನ. ಆ ಎರಡ ಪದ ಈ ಕಡೆ ಒಂದು, ಆ ಕಡೆ ಒಂದು ಜಗ್ಗಿ ನಿಂತಾವು."

"ಪ್ರತಿ ಸಾಲಿಗೂ ಯಾರು ಒತ್ತತಾರ?"

"ಟೈಪ್‌ರೈಟರ್ ಕೈಯವರು. ಅಲ್ಲಿ ಗಂಟಿ ಹೊಡದ ಕೂಡ್ಲೆ ಹಿಡಿಕಿ ದೂಡಬೇಕಲ್ರಿ. ಆ ರೂಢಿ ಹೋಗೂದಿಲ್ಲ."

"ನಿನ್ನ ಅಂಗಡಿಗೆ ಬರೂವವರಾಗ ಟೈಪ್‌ರೈಟರ್ ಕೈಯವರು ಎಷ್ಟ ಮಂದಿ?"

ಸುಮನ ತನ್ನ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಳು. ತಾಯವ್ವ ಎದ್ದು ಅವಳ ಹಿಂದೆ ನಿಂತಳು.

"ಒಬ್ಬರೇರಿ," ಎಂದಳು ಕೊನೆಗೆ. "ಕೈ ಹಿಡದ ಬಿಡಸೇನ್ರಿ ಆ ರೂಢಿ. ಒತ್ತಬ್ಯಾಡ್ರಿ, ಸಾಲ ತಾನ ಹೊಳ್ಳತೈತಿ ಅಂತಿದ್ನಿ. ನಗ್ತಿದ್ರು. ಹೋದ ತಿಂಗಳ ಒಂದ ಐತವಾರ ಅವರ ಕೈಯಾಗ ಕೀಲಿಕೈ ಕೊಟ್ಟು ಊಟಕ್ಕ ಹೋಗಿದ್ನಿ. ಬರೂತನಕ ಒಬ್ಬರ ಕುಂತು ಅಭ್ಯಾಸ ಮಾಡ್ತಿದ್ರು."

"ಯಾರವ್ವಾ?" ಎಂದರು ಪಾರ್ಶ್ವನಾಥ.

"ವೃಷಭ."

ಮುಂದಿನ ತಿಂಗಳು ಅಳಿಯನಾಗಬೇಕಿದ್ದವನ ಆ ಖಾಲಿ ಕುರ್ಚಿಯನ್ನು ಪಾರ್ಶ್ವನಾಥ ಗೋಡೆಯ ಕಡೆ ದೂಡಿದರು. ಸುಮನ ಮಷಿನು ಆರಿಸಿ, ಕರಪತ್ರವನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಿಚಿ ಲಗಮಪ್ಪನವರಿಗೆ ಮರಳಿ ಕೊಟ್ಟಳು.

ಕೈಯ ರೂಢಿಯೊಂದನ್ನೇ ನಂಬಿ ಯಾವ ಕೋರ್ಟೂ ಶಿಕ್ಷೆ ಕೊಡುವುದಿಲ್ಲ. ಶುಕ್ರವಾರ ಹನ್ನೊಂದಕ್ಕೆ ಲಗಮಪ್ಪ ಜಮಖಂಡಿಗೆ ಹೋದಾಗ ಜೀಪಿನ ಹಿಂದಿನ ಸೀಟಿನಲ್ಲಿ ವಿಠೋಬಾ ಇದ್ದ. ವಕೀಲರು ಕೋರ್ಟಿಗೆ ಹೋಗಿದ್ದರು. ಹೊರಕೋಣೆಯಲ್ಲಿ ವೃಷಭ ಒಬ್ಬನೇ ಟೈಪ್‌ರೈಟರಿನ ಮುಂದೆ ಕುಳಿತಿದ್ದ. ಇಸ್ತ್ರಿ ಅಂಗಿ, ಬಾಚಿದ ತಲೆ, ನಿದ್ದೆಯಿಲ್ಲದ ಕಣ್ಣು.

"ಅಂವ ಸಿಕ್ಕನೇನ್ರಿ ಸಾಹೇಬ್ರ?" ಎಂದು ಅವನೇ ಎದ್ದು ಕೇಳಿದ.

"ಹುಡಕಾಕತ್ತೇವಿ. ಮುಧೋಳಕ್ಕ ಯಾವಾಗ ಹೋಗಿದ್ದಿ?"

"ಮುಧೋಳಕ್ಕ? ನಾ ಯಾಕ ಹೋಗ್ಲಿ? ಹೋಗಿಲ್ರಿ. ಅಲ್ಲಿ ನಮ್ಮವರು ಯಾರೂ ಇಲ್ಲ."

ಬಾಗಿಲ ಹೊರಗೆ ನಿಂತಿದ್ದ ವಿಠೋಬಾ ಒಳಗೆ ಬಂದ. "ಇದ ದನಿ ಐತ್ರಿ," ಎಂದ.

ವೃಷಭ ಮೆಲ್ಲಗೆ ಕುಳಿತ. ಅವನ ಬೆರಳುಗಳು ಕೀಲಿಗಳ ಮೇಲೆ ಸುಮ್ಮನೆ ಆಡಿದವು, ಅಕ್ಷರ ಮೂಡಲಿಲ್ಲ.

ಪಂಚರ ಎದುರು ಅವನ ಮನೆಯ ಶೋಧನೆ ನಡೆಯಿತು. ಟ್ರಂಕಿನ ತಳದಲ್ಲಿ, ಸ್ವೆಟರಿನ ಮಡಿಕೆಯಲ್ಲಿ ಎರಡು ಫ್ಲಾಪಿ ಸಿಕ್ಕವು. ಒಂದರ ಮೇಲೆ ದುಂಡಗಿನ ಅಕ್ಷರದಲ್ಲಿ 'ವೃಷಭ, ಅಭ್ಯಾಸ' ಎಂದು ಬರೆದಿತ್ತು. ಬರೆದವಳು ಸುಮನ. ಕರಪತ್ರದ ಮಾತುಗಳು ಅದರಲ್ಲೇ ಇದ್ದವು, ಸುಮನಳ ಮಷಿನಿನ ಅಕ್ಷರಗಳು ಇನ್ನೊಂದರಲ್ಲಿ.

"ಕೆಲಸ ಆದ ಮ್ಯಾಲೆ ಇದನ್ನ ಯಾಕ ಒಗೀಲಿಲ್ಲ?" ಎಂದು ಹುಲೆಪ್ಪ ಕೇಳಿದ.

"ಒಗ್ಯಾಕ ಹೋಗಿದ್ನಿ. ಮ್ಯಾಲ ಆಕಿ ಬರದದ್ದಿತ್ತು," ಎಂದ ವೃಷಭ.

ಮಧ್ಯಾಹ್ನ ಎರಡೂವರೆಗೆ ದಸ್ತಗಿರಿ ಮಾಡಲಾಯಿತು. ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ಠಾಣೆಯಲ್ಲಿ ಲಗಮಪ್ಪ ಕಾರಣ ಕೇಳಿದರು.

ಬನಹಟ್ಟಿಯ ನೇಕಾರರ ಮನೆಯ ತಂಗೆವ್ವ ಎಂಬ ಹುಡುಗಿಯನ್ನು ವೃಷಭ ಎರಡು ವರ್ಷದಿಂದ ಇಷ್ಟಪಟ್ಟಿದ್ದ. ಲೂಮಿನ ಶೆಡ್ಡಿನಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಕೆಲಸ ಅವಳದು, ಜಾತಿಯೂ ಬೇರೆ. ಅಷ್ಟರಲ್ಲಿ ತಂದೆ ಜಿನ್ನಪ್ಪ ತೇರದಾಳದ ಸಂಬಂಧ ಗಟ್ಟಿ ಮಾಡಿ ಬಂದರು. ನಿಶ್ಚಯದ ಸಕ್ಕರೆ ಹಂಚುವಾಗ ವೃಷಭ ಹೂಂ ಅಂದ. ಸುಮನಳ ಅಂಗಡಿಗೆ ಕಲಿಯಲು ಹೋಗೆಂದಾಗಲೂ ಹೂಂ ಅಂದ.

"ಆಕಿದು ಏನೂ ತಪ್ಪಿಲ್ರಿ," ಎಂದ. "ಛಲೋ ಹುಡುಗಿ. ಆಕಿ ಕಡೆಯಿಂದ ಏನರೆ ಒಂದು ಆದ್ರ ಅಪ್ಪ ತಾನ ಮುರೀತಾನ, ನಾ ಹೇಳೂದ ಬ್ಯಾಡ ಅಂತ ತಿಳಕೊಂಡಿದ್ನಿ. ಆಕಿ ಶಾಣ್ಯಾಕಿ, ಬ್ಯಾರೆ ಕಡೆ ಲಗ್ನ ಆಗ್ತೈತಿ ಅನ್ನಕೊಂಡ್ನಿ."

"ಈ ಕಾಗದ ಓದಿದ ಮ್ಯಾಲೆ ಯಾರು ಮಾಡ್ಕೋತಾರೋ?"

ವೃಷಭ ಅಂಗಿಯ ತೋಳಿನ ಗುಂಡಿ ಹಾಕಿಕೊಂಡ.

"ಒಲ್ಲೆ ಅಂದಿದ್ರ ಮುಗೀತಿತ್ತಲ್ಲ?"

"ಅಪ್ಪನ ಮುಂದ ನಿಂತ್ರ ನನಗ ಬಾಯಿ ಬರೂದಿಲ್ರಿ."

ತಂಗೆವ್ವನ ಹೇಳಿಕೆಯನ್ನು ತಾಯವ್ವ ತೆಗೆದುಕೊಂಡಳು. ಅವಳಿಗೆ ಈ ಸಂಚಿನ ಸುಳಿವೇ ಇರಲಿಲ್ಲ. ಎಲ್ಲ ಕೇಳಿದ ಮೇಲೆ ಅವಳು ಅಂದದ್ದು ಇಷ್ಟೇ: "ಆಕಿ ಹೆಸರ ಹೊಲಸ ಮಾಡಿದಂವ ನಾಳೆ ನಂದೂ ಮಾಡ್ತಾನ. ನನಗ ಅಂವ ಬ್ಯಾಡ್ರಿ."

ಭರತೇಶನಿಗೆ ಜಾಮೀನು ಸಿಕ್ಕಿತು, ಪ್ರಕರಣ ಉಳಿಯಿತು. ಪಾರ್ಶ್ವನಾಥ ದಶರಥನ ಮನೆಗೆ ಹೋಗಿ ಕೈಮುಗಿದರೂ ದಶರಥನ ಹೆಂಡತಿ ಅವರನ್ನು ಒಳಗೆ ಕರೆಯಲಿಲ್ಲ. ಸುಮನ ಸೋಮವಾರವೇ ಅಂಗಡಿ ತೆರೆದಳು. ಮೊದಲ ವಾರ ಯಾರೂ ಬರಲಿಲ್ಲ. ಅವಳು ದಿನವಿಡೀ ಶಟರು ಪೂರ್ತಿ ಎತ್ತಿಕೊಂಡು, ಓಣಿಯ ಕಡೆ ಮುಖ ಮಾಡಿ ಕುಳಿತಿರುತ್ತಿದ್ದಳು.

ಅದೇ ಸೋಮವಾರ ವೃಷಭನ ತಂದೆ ಜಿನ್ನಪ್ಪ ಠಾಣೆಗೆ ಬಂದರು. ದಪ್ಪ ಮೀಸೆಯ, ಗಟ್ಟಿ ದನಿಯ ಮನುಷ್ಯ. ಆವತ್ತು ದನಿ ಇಳಿದಿತ್ತು. ಮಗನ ಬಟ್ಟೆಯ ಚೀಲವನ್ನು ತಂದಿದ್ದರು. ಮಗ ಇಲ್ಲಿಲ್ಲ, ನ್ಯಾಯಾಂಗ ಬಂಧನದಲ್ಲಿದ್ದಾನೆ, ಚೀಲವನ್ನು ಜೈಲಿಗೆ ಒಯ್ಯಬೇಕೆಂದು ಹುಲೆಪ್ಪ ತಿಳಿಸಿ ಹೇಳಿದ. ಅವರು ತಲೆಯಾಡಿಸಿದರು, ಆದರೆ ಏಳಲಿಲ್ಲ.

ಲಗಮಪ್ಪ ಕೇಳಿದರು: "ಯಜಮಾನ್ರ, ನಿಮ್ಮ ಮಗ ಬಂದು, ಅಪ್ಪಾ ನನಗ ಈ ಹುಡುಗಿ ಬ್ಯಾಡ, ಬನಹಟ್ಟ್ಯಾಗ ಒಬ್ಬಾಕಿ ಅದಾಳ ಅಂದಿದ್ರ ನೀವು ಏನ ಮಾಡ್ತಿದ್ರಿ?"

ಜಿನ್ನಪ್ಪ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡರು.

"ಬೈತಿದ್ನಿರಿ. ಮನಿ ಬಿಟ್ಟ ಹೋಗು ಅಂತಿದ್ನಿ."

"ಆಮ್ಯಾಲೆ?"

"ಎರಡ ದಿನ ಉಣ್ತಿರಲಿಲ್ಲ."

"ಆಮ್ಯಾಲೆ?"

"ಆಮ್ಯಾಲೆ ಏನ್ರಿ ಸಾಹೇಬ್ರ," ಎಂದರು ಜಿನ್ನಪ್ಪ. "ಒಬ್ಬನ ಮಗ. ಹೂಂ ಅಂತಿದ್ನಿ."